ಓದದೆ ಕೊಟ್ಟ ಮನವಿ

ನಾನು ಬೀದರ ನಗರದ ಚಿದ್ರಿಯ ನಿವಾಸಿಯಾಗಿದ್ದು, ಕಳೆದ ಸುಮಾರು ಮೂವತ್ತು ವರ್ಷಗಳಿಂದ ನ್ಯಾಯಾಲಯದ ಸಮೀಪ ಒಂದು ಟೈಪಿಂಗ್ ಅಂಗಡಿ ನಡೆಸಿಕೊಂಡು ಬಂದಿರುತ್ತೇನೆ ಎಂಬುದನ್ನು ಮೊದಲಿಗೆ ಓದುಗರ ಗಮನಕ್ಕೆ ತರಬಯಸುತ್ತೇನೆ. ಈ ಅವಧಿಯಲ್ಲಿ ನಾನು ಬರೆದದ್ದೆಲ್ಲ ಬೇರೆಯವರ ಪರವಾಗಿ. ಸ್ವಂತಕ್ಕೆಂದು ಬರೆಯುತ್ತಿರುವುದು ಇದೇ ಮೊದಲು. ಆದುದರಿಂದ ಎಲ್ಲಿ ಆರಂಭಿಸಬೇಕು, ಎಷ್ಟು ಹೇಳಬೇಕು ಎಂಬ ಬಗ್ಗೆ ನನಗೆ ಸ್ಪಷ್ಟತೆ ಇರುವುದಿಲ್ಲ. ಮೂರು ಸಲ ಬರೆದು ಹರಿದಿದ್ದೇನೆ. ಅರ್ಜಿಯ ಭಾಷೆಯೊಂದೇ ನನ್ನ ಕೈಗೆ ರೂಢಿಯಾಗಿರುವುದರಿಂದ ಅದರಲ್ಲಿಯೇ ಮುಂದುವರಿಯುತ್ತೇನೆ.

ವಿಷಯ ಒಂದು ಬಸ್ಸಿಗೆ ಸಂಬಂಧಿಸಿದ್ದು. ನನ್ನ ತಂಗಿಯನ್ನು ಔರಾದ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದೆ. ಅವಳ ಮಗಳು ಭಾಲ್ಕಿಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುತ್ತಾಳೆ. ಆ ಊರಿನಿಂದ ಬೆಳಿಗ್ಗೆ ಏಳೂವರೆಗೆ ಭಾಲ್ಕಿಗೆ ಒಂದು ಬಸ್ಸಿತ್ತು. ಹಿಂದಿನ ದಿನ ಸಂಜೆ ಬಂದು ಊರಲ್ಲೇ ತಂಗುತ್ತಿದ್ದುದರಿಂದ ಅದನ್ನು ಎಲ್ಲರೂ ವಸ್ತಿ ಬಸ್ಸು ಎನ್ನುತ್ತಿದ್ದರು. ಕಳೆದ ವರ್ಷ ಅದು ನಿಂತುಹೋಯಿತು. ಆಮೇಲಿನ ಬಸ್ಸು ಒಂಬತ್ತೂವರೆಗೆ. ಪ್ರಯೋಗಾಲಯದ ತರಗತಿ ಒಂಬತ್ತಕ್ಕೆ. ತಂಗಿಯ ಮಗಳಾದ ಈ ನನ್ನ ಸೊಸೆ ಮತ್ತು ಅದೇ ಊರಿನ ಇನ್ನೂ ಏಳು ಹುಡುಗಿಯರು ದಿನಾಲೂ ತಡವಾಗಿ ಹೋಗಿ ಬಾಗಿಲಲ್ಲಿ ನಿಲ್ಲುವಂತಾಯಿತು. ಹಾಜರಿ ಇದೇ ರೀತಿ ಕಡಿಮೆಯಾದಲ್ಲಿ ಪರೀಕ್ಷೆಗೆ ಕೂರಿಸಲಾಗುವುದಿಲ್ಲವೆಂದು ಕಾಲೇಜಿನವರು ಹೇಳಿಬಿಟ್ಟರು. ಆಕೆ ನನಗೆ ಫೋನು ಮಾಡಿದ್ದು ಅಂದೇ.

"ಮಾಮಾ, ನೀವು ಊರಮಂದಿಗೆಲ್ಲಾ ಮನವಿ ಬರ್ದು ಕೊಡ್ತೀರಿ. ನಮಗ ಒಂದು ಬರೀರಿ."

ಬರೆದೆ. ಮುಂದೆ ಏನಾಯಿತೆಂಬುದನ್ನು ವಿವರಿಸುವ ಮುನ್ನ, ನಾನು ಬರೆದ ಮೊಟ್ಟಮೊದಲ ಮನವಿಯ ಬಗ್ಗೆ ಹೇಳುವುದು ಅವಶ್ಯವೆಂದು ಭಾವಿಸುತ್ತೇನೆ.

ಆಗ ನಾವು ಭಾಲ್ಕಿಯಲ್ಲಿದ್ದೆವು. ನಮ್ಮ ಓಣಿಯಲ್ಲಿ ಮೆಟ್ರಿಕ್ ಪಾಸಾದವರು ಇಬ್ಬರೇ. ಅವರಲ್ಲಿ ಊರಲ್ಲಿ ಉಳಿದಿದ್ದವನು ನಾನೊಬ್ಬನೇ. ನೀರಿಗಾಗಿ ಹೆಂಗಸರು ಮೂರು ಓಣಿ ದಾಟಿ ಹೋಗಬೇಕಾಗಿತ್ತು. ಬೋರಿಂಗ್, ಎಂದರೆ ಕೊಳವೆಬಾವಿ, ಬೇಕೆಂದು ಕಛೇರಿಗೆ ಮೆರವಣಿಗೆ ಹೋಗುವುದೆಂದು ತೀರ್ಮಾನವಾಯಿತು. ಮನವಿ ಬರೆಯುವ ಕೆಲಸ ನನಗೆ ಬಂತು. ಸರ್ಕಾರಿ ಕಾಗದವೊಂದನ್ನು ಮುಂದಿಟ್ಟುಕೊಂಡು, ಅದರಲ್ಲಿದ್ದ ಗಂಭೀರವಾದ ಶಬ್ದಗಳನ್ನೆಲ್ಲ ಆರಿಸಿ, ಕಾರ್ಬನ್ ಹಾಕಿ ಮೂರು ಪ್ರತಿ ತಯಾರಿಸಿದೆ. ನನಗೆ ಬಹಳ ಹೆಮ್ಮೆಯಾಗಿತ್ತು.

ಮರುದಿನ ಎಲ್ಲರೂ ಬುದ್ಧ ವಿಹಾರದ ಅಂಗಳದಲ್ಲಿ ಸೇರಿದರು. ಹೊರಡುವ ಮುನ್ನ ನನ್ನ ದೊಡ್ಡವ್ವ, ಎಂದರೆ ನನ್ನ ತಂದೆಯ ಅಣ್ಣನ ಹೆಂಡತಿ, ನೆಲದ ಮೇಲೆ ಕೂತುಬಿಟ್ಟಳು.

"ಮೊದಲ ಓದು. ಕೇಳಿ ಆಮ್ಯಾಲ ಹೋಗಾಮು."

ದೊಡ್ಡವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಹಿಂದೆ ಯಾವುದೋ ಕಾಗದಕ್ಕೆ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಿ ಹೊಲದ ಒಂದು ಬದಿ ಕಳೆದುಕೊಂಡಿದ್ದಳು. ಅಂದಿನಿಂದ, ಕಿವಿಗೆ ಬೀಳದ ಕಾಗದವನ್ನು ಮುಟ್ಟಬಾರದೆಂಬುದು ಅವಳ ನಿಯಮ. ನಾನು ಎದ್ದುನಿಂತು ಓದಿದೆ. "ಸಾರ್ವಜನಿಕರಿಗೆ ಸಮರ್ಪಕ ಕುಡಿಯುವ ನೀರಿನ ವ್ಯವಸ್ಥೆಯನ್ನು ಕಲ್ಪಿಸಬೇಕೆಂದು" ಎನ್ನುವಷ್ಟರಲ್ಲಿ ಅವಳು ಕೈ ಎತ್ತಿದಳು.

"ಇದರಾಗ ಬೋರಿಂಗ್ ಎಲ್ಲದ?"

"ಅದೇ ಅರ್ಥ ದೊಡ್ಡವ್ವಾ."

"ಅರ್ಥ ನಿನಗಾಗ್ಯಾದ. ಸಾಹೇಬ ಎಲ್ಲಿ ಹಾಕ್ಸ್ತಾನ? ಅವನ ಮನಿ ಮುಂದಾ? ಬೇವಿನ ಗಿಡದ ಬಾಜೂಕ ಅಂತ ಬರಿ."

"ಬಾಜೂಕ ಅಂತ ಕಛೇರಿಗೆ ಬರೀಲಾಕ ಬರಲ್ಲ."

"ನೀರು ತರೋದು ನಾನೋ ನಿನ್ನ ಕಛೇರಿನೋ?"

ಎಲ್ಲರೂ ನಕ್ಕರು. ನನಗೆ ಅಳು ಬಂದಿತ್ತು. ಮೂರೂ ಪ್ರತಿಗಳಲ್ಲಿ ಸಾಲಿನ ಮೇಲೆ ಸಾಲು ಸೇರಿಸಿ ತಿದ್ದಬೇಕಾಯಿತು. ಇನ್ನೊಬ್ಬಾಕೆ, ಚರಂಡಿಯಿಂದ ಇಷ್ಟು ದೂರ ಇರಲಿ ಎಂದು ಬರೆಸಿದಳು. ಹೀಗೆ ಒಂದು ತಾಸು ಕಳೆಯಿತು. ಆಮೇಲೆ ಹಲಗೆ ಬಾರಿಸುತ್ತ ಹೊರಟೆವು. ಅಧಿಕಾರಿಗಳು ಊಟಕ್ಕೆ ಹೋಗಿದ್ದುದರಿಂದ ಕಟ್ಟಿಕೊಂಡು ಹೋಗಿದ್ದ ರೊಟ್ಟಿ ಬಿಚ್ಚಿ ಕಛೇರಿಯ ಎದುರಿಗೇ ಉಂಡು, ಅವರು ಬಂದ ಮೇಲೆ ಅವರಿಗೂ ಪೂರ್ತಿ ಓದಿ ಹೇಳಿಯೇ ಕೊಟ್ಟೆವು. ಬೋರಿಂಗ್ ತಕ್ಷಣ ಬರಲಿಲ್ಲ. ಮೂರು ಸಲ ಹೋಗಬೇಕಾಯಿತು. ಆದರೆ ಬಂದಾಗ ಬೇವಿನ ಗಿಡದ ಬಾಜೂಕೇ ಬಂತು.

ಹಳೆಯ ಕಾಲವೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕಾಗಿದೆ. ಎರಡನೆಯ ಸಲ ಹೋದಾಗ ಪೊಲೀಸರ ಲಾಠಿ ನನ್ನ ಮೊಣಕಾಲಿಗೆ ಬಿದ್ದು, ಇವತ್ತಿಗೂ ಮಳೆಗಾಲದಲ್ಲಿ ನೋಯುತ್ತದೆ. ಬೋರಿಂಗ್ ಬಂದ ದಿನ ಭಾಷಣ ಮಾಡಿದ ಐದೂ ಜನ ಗಂಡಸರು. ದೊಡ್ಡವ್ವನ ಮಾತು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೂ ಏನು ಕೇಳುತ್ತಿದ್ದೇವೆ ಎಂಬುದು ಮೆರವಣಿಗೆಯ ಕೊನೆಯಲ್ಲಿ ನಡೆಯುತ್ತಿದ್ದವರಿಗೂ ಬಾಯಿಪಾಠವಾಗಿತ್ತು.

ತದನಂತರ ನಾನು ಬೀದರಿಗೆ ಬಂದು ಅಂಗಡಿ ಇಟ್ಟೆ. ಸಂಘಟನೆಗಳು ಹುಟ್ಟಿದವು. ಅವುಗಳಿಗೆ ಮುದ್ರಿತ ಲೆಟರ್‌ಹೆಡ್ ಬಂತು, ಶಾಲು ಬಂತು, ರಾಜ್ಯ, ಜಿಲ್ಲೆ, ತಾಲೂಕು, ಹೋಬಳಿ ಎಂದು ಪದಾಧಿಕಾರಿಗಳು ಬಂದರು. ಕೆಲವು ಒಳ್ಳೆಯ ಕೆಲಸಗಳೂ ಆದವು; ಕಮಠಾಣದಿಂದ, ಭಾಲ್ಕಿಯಿಂದ, ಔರಾದದಿಂದ ಒಂದೇ ದಿನ ಜನರನ್ನು ಕರೆತರುವ ಶಕ್ತಿ ನಮ್ಮ ಓಣಿಯ ಹಲಗೆಗೆ ಇರಲಿಲ್ಲ. ಆಮೇಲೆ ಸಂಘಟನೆಗಳು ಒಡೆದವು. ಒಮ್ಮೆ ಒಂದೇ ಬೆಳಿಗ್ಗೆ ಒಡೆದ ಎರಡೂ ಬಣಗಳವರು ನನ್ನ ಅಂಗಡಿಗೆ ಬಂದು, ಒಬ್ಬರ ಮುಖ ಒಬ್ಬರು ನೋಡದೆ ಕುರ್ಚಿ ತಿರುಗಿಸಿ ಕೂತರು. ಬೇಡಿಕೆ ಒಂದೇ ಆಗಿತ್ತು. ಒಂದೇ ಮನವಿಯನ್ನು ಎರಡು ಲೆಟರ್‌ಹೆಡ್‌ಗಳ ಮೇಲೆ ತೆಗೆದು ಕೊಟ್ಟೆ. ಇಬ್ಬರೂ ಓದಲಿಲ್ಲ. "ಅವರದಕ್ಕಿಂತ ನಮ್ಮದು ಉದ್ದ ಅದ ಇಲ್ರಿ?" ಎಂದಷ್ಟೇ ಒಬ್ಬರು ಕೇಳಿದರು.

ಕಂಪ್ಯೂಟರು ಬಂದ ಮೇಲೆ ನನ್ನ ಕೆಲಸವೂ ಕೆಟ್ಟಿತೆಂದು ಒಪ್ಪಿಕೊಳ್ಳಬೇಕು. ಹಳೆಯ ಮನವಿಯನ್ನು ತೆರೆದು ಊರಿನ ಹೆಸರು, ವಿಷಯ, ದಿನಾಂಕ ಬದಲಿಸಿದರೆ ಹೊಸದು ಸಿದ್ಧ. "ಸಮರ್ಪಕ" ಎಂಬ ಶಬ್ದ ಪ್ರತಿಯೊಂದರಲ್ಲೂ ಇದ್ದೇ ಇರುತ್ತಿತ್ತು. ಓದಿ ಹೇಳಲೇ ಎಂದು ಆರಂಭದ ಕೆಲವು ವರ್ಷ ನಾನು ಕೇಳುತ್ತಿದ್ದೆ. "ಫುರಸತ್ತಿಲ್ಲ ಕಾಕಾ, ನೀವು ಬರ್ದಿರಂದ್ರ ಮುಗೀತು" ಎಂಬ ಉತ್ತರ ಬರುತ್ತಿತ್ತು. ಅದನ್ನು ಗೌರವವೆಂದು ತಿಳಿದು ನಾನು ಕೇಳುವುದನ್ನೇ ಬಿಟ್ಟೆ. ಯಾರೂ ನಿಲ್ಲಿಸೆಂದು ಹೇಳದೆ ನಿಂತುಹೋದ ಪದ್ಧತಿ ಅದು. ನಿಲ್ಲಿಸಿದವರಲ್ಲಿ ನಾನೂ ಒಬ್ಬ.

ಈಗ ಬಸ್ಸಿನ ವಿಷಯಕ್ಕೆ ಬರುತ್ತೇನೆ.

ನನ್ನ ಸೊಸೆಯ ಊರಿನ ಸಂಘಟನೆಯ ಅಧ್ಯಕ್ಷರು ನನಗಿಂತ ಬಹಳ ಚಿಕ್ಕವರು, ಮಾತಿಗೆ ಮೊದಲು ಕಾಕಾ ಎನ್ನುವವರು, ಕೆಟ್ಟವರಲ್ಲ. ಬಸ್ಸಿನ ಸುದ್ದಿ ಹೇಳಿದ ಕೂಡಲೇ ಧರಣಿಗೆ ಒಪ್ಪಿದರು. ಪೊಲೀಸರ ಅನುಮತಿ ಹನ್ನೊಂದರಿಂದ ಒಂದರವರೆಗೆ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಪಲಾವ್, ಹದಿನಾಲ್ಕು ಮುಖಗಳ ಫ್ಲೆಕ್ಸು. ಫ್ಲೆಕ್ಸಿನಲ್ಲಿ ಬಸ್ಸಿನ ಚಿತ್ರ ಇರಲಿಲ್ಲ. ಅದಕ್ಕೆ ಜಾಗ ಉಳಿದಿರಲಿಲ್ಲವಂತೆ.

ನಾನು ಮನವಿಯ ಮೂರು ಪ್ರತಿ ಮತ್ತು ಚೆಂದ ಕಾಣಲೆಂದು ಒಂದು ಹೊಸ ನೀಲಿ ಫೈಲು ತೆಗೆದುಕೊಂಡು ಹೋಗಿದ್ದೆ. ಫೈಲು ಬಾಗದಿರಲೆಂದು ಅದರೊಳಗೆ ಸಂಘಟನೆಯ ಎರಡು ಖಾಲಿ ಲೆಟರ್‌ಹೆಡ್ ಇಟ್ಟಿದ್ದೆ. ಬಸ್ಸಿನ ಸಮಯ ಸರಿಯಾಗಿದೆಯೇ ನೋಡೋಣವೆಂದು ಮನವಿಯ ಮೂರೂ ಪ್ರತಿಗಳನ್ನು ಫೈಲಿನಿಂದ ಹೊರತೆಗೆದು ಕನ್ನಡಕ ಹುಡುಕುತ್ತಿರುವಾಗ, "ಸಾಹೇಬ್ರು ಬಂದ್ರು, ಸಾಹೇಬ್ರು ಬಂದ್ರು" ಎಂದು ಗದ್ದಲವಾಯಿತು. ಕಾರ್ಯಕರ್ತರೊಬ್ಬರು ನನ್ನ ತೊಡೆಯ ಮೇಲಿದ್ದ ಫೈಲನ್ನು ಎತ್ತಿಕೊಂಡು ಓಡಿದರು. ಗಾಳಿಗೆ ಶಾಮಿಯಾನದ ಕಂಬ ವಾಲುತ್ತಿದ್ದುದರಿಂದ ನನ್ನನ್ನು ಅದನ್ನು ಹಿಡಿಯಲು ನಿಲ್ಲಿಸಿದರು; ಕೈಯಲ್ಲಿದ್ದ ಕಾಗದಗಳನ್ನು ನನ್ನ ಚೀಲಕ್ಕೆ ತುರುಕಿ ಕಂಬ ಹಿಡಿದೆ. ಅಧ್ಯಕ್ಷರು ಫೈಲು ಕೊಟ್ಟರು, ಅಧಿಕಾರಿಗಳು ತೆಗೆದುಕೊಂಡರು, ಫೋಟೋಗಾಗಿ ಇನ್ನೂ ಎರಡು ಸಲ ಕೊಟ್ಟರು, ಎರಡು ಸಲ ತೆಗೆದುಕೊಂಡರು. ಒಳಗಿದ್ದ ಒಂದು ಹಾಳೆಯ ಮೇಲೆ ಸ್ವೀಕೃತಿಯ ಮೊಹರು ಬಿತ್ತು. ಯಾವ ಕಛೇರಿ ಎಂದು ಬರೆಯುವುದು ಅನವಶ್ಯಕ. ಅದರ ತಪ್ಪಿಗಿಂತ ನಮ್ಮ ತಪ್ಪು ದೊಡ್ಡದು.

ಸಂಜೆ ಚಿದ್ರಿಗೆ ಬಂದು ಚೀಲ ತೆರೆದರೆ ಮೂರೂ ಪ್ರತಿಗಳು ಅದರಲ್ಲೇ ಇದ್ದವು. ನಾವು ಕೊಟ್ಟು ಬಂದದ್ದು ಖಾಲಿ ಹಾಳೆ. ಅಧ್ಯಕ್ಷರಿಗೆ ಫೋನು ಮಾಡಿದೆ.

"ಕಾಕಾ, ಸುದ್ದಿ ಆಗಲೇ ಹೋಗ್ಯಾದ. ಫೋಟೋ ನೋಡಿದ್ರಿಲ್ಲ? ಭಾಳ ಛಂದ ಬಂದದ."

"ಆದರೆ ಒಳಗೆ ಏನೂ ಇರಲಿಲ್ಲ."

"ಹೊರಗ ಫೈಲು ಇತ್ತಲ್ರಿ. ಮೊಹರು ಬಿದ್ದದ. ಈಗ ನೀವು ಬಾಯಿ ಬಿಟ್ರ ಎಲ್ಲರ ಮಾನ ಹೋಗ್ತದ. ಸುಮ್ನ ಇರ್ರಿ, ಮುಂದಿನ ಧರಣಿಗಿ ಕೊಡಾಮು."

ಸುಮ್ಮನಿದ್ದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಮೂರು ವಾರ ಸುಮ್ಮನಿದ್ದೆ. ಆ ಮೂರು ವಾರವೂ ನನ್ನ ಸೊಸೆ ತಡವಾಗಿಯೇ ಕಾಲೇಜಿಗೆ ಹೋದಳು. ಕಡೆಗೆ ಕಛೇರಿಯಿಂದ ಉತ್ತರ ಬಂತೆಂದು ಅಧ್ಯಕ್ಷರು ಸಂಭ್ರಮದಿಂದ ಅದರ ಪ್ರತಿ ಕಳುಹಿಸಿದರು. "ತಮ್ಮ ಮನವಿಯಲ್ಲಿನ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದ್ದು, ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟವರಿಗೆ ರವಾನಿಸಲಾಗಿದೆ." ಖಾಲಿ ಹಾಳೆಯ ಅಂಶಗಳನ್ನು! ಆ ವಾಕ್ಯವನ್ನು ನಾನು ನಾಲ್ಕು ಸಲ ಓದಿದೆ. ಕೋಪ ಬಂದದ್ದು ಕಛೇರಿಯ ಮೇಲಲ್ಲ. ಅದು ಅಕ್ಷರಶಃ ನಾನೇ ಬರೆಯಬಹುದಾದ ವಾಕ್ಯವಾಗಿತ್ತು.

ಮುಂದಿನ ರವಿವಾರ ತಂಗಿಯ ಊರಿಗೆ ಹೋಗಿ ಎಂಟೂ ಹುಡುಗಿಯರನ್ನು ಬಸ್ ನಿಲ್ದಾಣದ ಕಟ್ಟೆಗೆ ಕರೆಸಿ, ನಡೆದ ಸಂಗತಿಯನ್ನು ಇದ್ದದ್ದು ಇದ್ದಂತೆ ಹೇಳಿದೆ.

"ಅಂದ್ರ ನಾವು ಅವತ್ತು ಪಲಾವ್ ತಿನ್ಲಾಕ ಹೋಗಿದ್ವಿ," ಎಂದಳು ಒಬ್ಬಳು.

ನನ್ನ ಸೊಸೆ ನಗಲಿಲ್ಲ. "ಮಾಮಾ, ಕಾಗದ ಚೀಲದಾಗ ಅದಲ್ರಿ? ಓದ್ರಿ. ಏನ್ ಬರ್ದಿದ್ರಿ ಕೇಳ್ತೇವಿ."

ಅವಳು ನನ್ನ ದೊಡ್ಡವ್ವನನ್ನು ನೋಡಿದವಳಲ್ಲ. ನಾನು ಎದ್ದುನಿಂತು ಓದಿದೆ. ಗ್ರಾಮೀಣ ಭಾಗದ ವಿದ್ಯಾರ್ಥಿಗಳಿಗೆ ಸಮರ್ಪಕ ಸಾರಿಗೆ ವ್ಯವಸ್ಥೆಯನ್ನು ಕಲ್ಪಿಸಬೇಕೆಂದು.

"ಏಳೂವರಿ ಎಲ್ಲದ ಮಾಮಾ?"

ಇರಲಿಲ್ಲ. ಧರಣಿಯ ದಿನ ಫೈಲು ತೆರೆದು ಪರಿಶೀಲಿಸಲು ಹೊರಟಿದ್ದ ಬಸ್ಸಿನ ಸಮಯವನ್ನು ನಾನು ಬರೆದೇ ಇರಲಿಲ್ಲ. ಮನವಿ ಆ ದಿನ ಸರಿಯಾಗಿ ಕೈ ಸೇರಿದ್ದರೂ ಅದರಲ್ಲಿ ಬಸ್ಸು ಇರಲಿಲ್ಲ. ಹುಡುಗಿಯರು ಅಲ್ಲಿಯೇ ಒಂದು ನೋಟ್‌ಬುಕ್ಕಿನ ಹಾಳೆ ಹರಿದು, ಅವರು ಹೇಳಿದಂತೆ ನನ್ನಿಂದ ಬರೆಸಿದರು. ಏಳೂವರೆ. ಭಾಲ್ಕಿ. ಎಂಟು ಜನ. ಯಾವ ಯಾವ ದಿನ ಬಾಗಿಲಲ್ಲಿ ನಿಂತರು ಎಂಬುದು. ಒಂದೂ ಗಂಭೀರ ಶಬ್ದ ಸೇರಿಸಲು ಬಿಡಲಿಲ್ಲ. ಒಟ್ಟು ಒಂಬತ್ತು ಸಾಲು.

ಮರುದಿನ ಬಸ್ ಡಿಪೋಗೆ ಹೋದೆವು. ಹಲಗೆ ಇಲ್ಲ, ಫ್ಲೆಕ್ಸಿಲ್ಲ. ಅಲ್ಲಿನ ವ್ಯವಸ್ಥಾಪಕರು ಕತ್ತೆತ್ತಿ, "ಯಾವ ಸಂಘಟನೆಯವ್ರು?" ಎಂದು ಕೇಳಿದರು.

"ಸಂಘಟನಿ ಇಲ್ರಿ ಸಾರ್," ಎಂದಳು ನನ್ನ ಸೊಸೆ. "ಬಸ್ಸೂ ಇಲ್ಲ."

ಮನವಿ ತೆಗೆದುಕೊಳ್ಳಲು ಕೈಚಾಚಿದ ಅವರಿಗೆ ಕೊಡದೆ, ನಿಂತಲ್ಲೇ ಒಂಬತ್ತೂ ಸಾಲು ಓದಿದಳು. ಅವರು ಪೆನ್ನು ಕೆಳಗಿಟ್ಟರು.

"ಆ ಬಸ್ ನಾವು ರದ್ದು ಮಾಡಿಲ್ಲವ್ವಾ. ನಿಮ್ಮ ಊರಾಗ ವಸ್ತಿ ಮಾಡ್ಲಾಕ ಜಾಗ ಇಲ್ಲ. ಸಮುದಾಯ ಭವನದ ಕೋಲಿ ಕೊಟ್ಟಿದ್ರು, ಅದ್ರಾಗ ಏನೇನೋ ಸಾಮಾನು ತುಂಬ್ಯಾರ. ಡ್ರೈವರ್, ಕಂಡಕ್ಟರ್ ಎಲ್ಲಿ ಮಲಗಬೇಕು? ಕೋಲಿ ಖಾಲಿ ಮಾಡ್ರಿ, ಬಸ್ ನಾಳಿನೇ ಬರ್ತದ."

"ಸಾಮಾನು ಯಾರ್ದ್ರಿ?" ಎಂದು ನನ್ನ ಸೊಸೆ ಕೇಳಿದಳು.

ಅವರು ನನ್ನನ್ನು ನೋಡಿದರು. "ನೀವೇ ಹೋಗಿ ನೋಡ್ರಿ."

ನೋಡಿದೆವು. ಆ ಕೋಣೆಯಲ್ಲಿದ್ದದ್ದು ಸಂಘಟನೆಯ ಸಾಮಾನು. ಪ್ಲಾಸ್ಟಿಕ್ ಕುರ್ಚಿಗಳು, ಶಾಮಿಯಾನದ ಕಂಬಗಳು, ಎರಡು ಮೈಕು, ಸುರುಳಿ ಸುತ್ತಿಟ್ಟ ಹಳೆಯ ಫ್ಲೆಕ್ಸುಗಳು. ಎಲ್ಲಕ್ಕಿಂತ ಮೇಲೆ, ಬಸ್ಸು ಬೇಕೆಂದು ನಾವು ಕೂತಿದ್ದ ಧರಣಿಯ ಫ್ಲೆಕ್ಸು, ಹದಿನಾಲ್ಕು ಮುಖಗಳೊಂದಿಗೆ. ಯಾವ ಕೋಣೆ ತುಂಬಿದ್ದರಿಂದ ಬಸ್ಸು ನಿಂತಿತೋ, ಆ ಕೋಣೆಗೆ ನಾವು ಬಸ್ಸಿನ ಧರಣಿಯ ಕುರ್ಚಿಗಳನ್ನೇ ತಂದು ತುರುಕಿದ್ದೆವು. ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ನನಗೆ ಬೈಯಲು ಸೂಕ್ತವಾದ ಶಬ್ದ ದೊರೆಯಲಿಲ್ಲ; ಈಗಲೂ ದೊರೆತಿಲ್ಲ.

ಅಧ್ಯಕ್ಷರಿಗೆ ಹೇಳಿಕಳುಹಿಸಿದೆ. ಬಂದು ನೋಡಿ ಅವರೂ ಒಂದು ಕ್ಷಣ ತಲೆ ಕೆರೆದುಕೊಂಡರು. "ಯಾರಿಗಿ ಗೊತ್ತಿತ್ತು ಕಾಕಾ! ಡ್ರೈವರಾದ್ರೂ ಒಂದು ಮಾತು ಹೇಳ್ಬಾರ್ದಾ?" ಎಂದರು. ಆದರೆ ಸಾಮಾನು ತಮ್ಮ ಮನೆಯ ಪಡಸಾಲೆಗೆ ಸಾಗಿಸಲು ತಡ ಮಾಡಲಿಲ್ಲ. ಹುಡುಗಿಯರು ಕೋಣೆ ಗುಡಿಸಿ ತೊಳೆದರು. ಕೋಣೆ ಖಾಲಿಯಾದ ಮರುದಿನವೇ, ಡಿಪೋದ ವ್ಯವಸ್ಥಾಪಕರು ಹೇಳಿದಂತೆ, ಸಂಜೆಯ ಬಸ್ಸು ಊರಿಗೆ ಬಂದು ನಿಂತಿತು.

ಮರುದಿನ ಬೆಳಿಗ್ಗೆ ನನ್ನ ಸೊಸೆಗೆ ಒಂಬತ್ತಕ್ಕೆ ಪ್ರಾಯೋಗಿಕ ಪರೀಕ್ಷೆ ಇತ್ತು. ಅದು ತಪ್ಪಿದರೆ ಹಾಜರಿಯ ವಿಷಯ ಮಾತಾಡುವ ಅಗತ್ಯವೇ ಉಳಿಯುತ್ತಿರಲಿಲ್ಲ. ಬೀಳ್ಕೊಡೋಣವೆಂದು ನಾನು ಊರಲ್ಲಿಯೇ ಉಳಿದಿದ್ದೆ. ಏಳು ಗಂಟೆಗೆ ನಿಲ್ದಾಣಕ್ಕೆ ಹೋದರೆ ಬಸ್ಸಿನ ಮೂತಿಗೆ ಬಾಳೆಗಿಡ ಕಟ್ಟುತ್ತಿದ್ದರು. ಅದರ ಗಾಜಿನ ಕೆಳಗೆ ಹೊಸ ಫ್ಲೆಕ್ಸು: ಹೋರಾಟಕ್ಕೆ ಸಂದ ಜಯ. ಮುಖಗಳು ಹದಿನಾರಾಗಿದ್ದವು. ಏಳೂವರೆ ಆಯಿತು. ಹೂವಿನ ಹಾರ ಔರಾದದಿಂದ ಬರಬೇಕಾಗಿತ್ತು. ಏಳು ನಲವತ್ತು. ಚಾಲಕರು ಎರಡು ಸಲ ಹಾರ್ನ್ ಹೊಡೆದರು.

"ಐದೇ ಮಿನಿಟ್ರಿ ಡ್ರೈವರ್ ಸಾಹೇಬ್ರ," ಎಂದು ಅಧ್ಯಕ್ಷರು ಬಸ್ಸಿನ ಮುಂದೆಯೇ ನಿಂತರು. "ವರ್ಷದ ಹೋರಾಟ ಅದ, ಒಂದು ಫೋಟೋ ಬ್ಯಾಡೇನ್ರಿ?" ಆಮೇಲೆ ನನ್ನನ್ನು ಕಂಡು, "ಕಾಕಾ, ಬರ್ರಿ, ಮನವಿ ಬರ್ದವರು ನೀವು, ಎರಡು ಮಾತು ಆಡ್ರಿ," ಎಂದು ಮೈಕು ಕೊಟ್ಟರು.

ಕಿಟಕಿಯಲ್ಲಿ ನನ್ನ ಸೊಸೆ ಕೈಗಡಿಯಾರ ನೋಡುತ್ತಿದ್ದಳು. ಅಳುವ ಮುಖವಾಗಿರಲಿಲ್ಲ ಅದು. ನನ್ನನ್ನು ಅಳೆಯುವ ಮುಖವಾಗಿತ್ತು. ಜೀವನದಲ್ಲಿ ನಾನು ಮೈಕು ಹಿಡಿದವನಲ್ಲ. ಅಂಗಿಯ ಜೇಬಿನಲ್ಲಿ ನೋಟ್‌ಬುಕ್ಕಿನ ಹಾಳೆಯ ಪ್ರತಿ ಇತ್ತು. ತೆಗೆದು ಓದಿದೆ. ಏಳೂವರೆ. ಭಾಲ್ಕಿ. ಎಂಟು ಜನ. ಓದಿ ಮುಗಿಸಿ, "ಈಗ ಏಳು ಐವತ್ತು. ಬಸ್ಸಿನ ಮುಂದೆ ನಿಂತವರು ನಾವೇ," ಎಂದೆ.

ಬಸ್ಸಿನ ತಗಡು ದಬದಬ ಬಡಿಯುವ ಸದ್ದು ಬಂತು. ಎಂಟೂ ಜನ ಕಿಟಕಿಯಿಂದ ಕೈ ಹೊರಗೆ ಹಾಕಿ ಬಡಿಯುತ್ತಿದ್ದರು.

"ಬಿಡ್ರಿ ಬಿಡ್ರಿ, ಬಸ್ ಬಿಡ್ರಿ!"

ಭಾಲ್ಕಿಯ ಓಣಿಯ ಹಲಗೆಯ ನಂತರ ಅಂಥ ಸದ್ದನ್ನು ನಾನು ಕೇಳಿರಲಿಲ್ಲ. ಪಕ್ಕದ ಚಹಾ ಅಂಗಡಿಯವರೂ ಸೇರಿಕೊಂಡರು. ಅಧ್ಯಕ್ಷರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕಡೆಗೆ ಬದಿಗೆ ಸರಿದರು. ಬಸ್ಸು ಬಾಳೆಗಿಡ, ಹದಿನಾರು ಮುಖಗಳ ಸಹಿತವಾಗಿ ಹೊರಟುಹೋಯಿತು. ಐದು ನಿಮಿಷದ ನಂತರ ಔರಾದದಿಂದ ಹಾರ ಬಂತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಅವರು ಅದನ್ನು ಮೈಕಿನ ಸ್ಟ್ಯಾಂಡಿಗೆ ಹಾಕಿದರು.

ಮಧ್ಯಾಹ್ನ ಎರಡು ಗಂಟೆಯವರೆಗೆ ನಾನು ನೀರೂ ಕುಡಿಯಲಿಲ್ಲ. ಆಮೇಲೆ ಫೋನು ಬಂತು.

"ಏಳು ಮಿನಿಟ್ ತಡ ಆತು ಮಾಮಾ. ಬೈದ್ರು. ಒಳಗ ಬಿಟ್ರು. ಪರೀಕ್ಷಾ ಮುಗೀತು."

"ಚಲೋ ಆತಲ್ಲ ತಾಯಿ."

"ಒಂದು ಅರ್ಜಿ ಬರೀಬೇಕ್ರಿ. ನಾಳಿಂದ ಬಸ್ಸಿಗಿ ಹಾರ ಹಾಕ್ಲಾಕ ಯಾರೂ ಬರಬಾರ್ದಂತ."

"ಯಾರಿಗೆ ಬರೆಯಲಿ?"

"ನಿಮ್ಮ ಅಧ್ಯಕ್ಷರಿಗಿ. ಬರ್ದ ಮ್ಯಾಲ ಫೋನಿನಾಗ ಓದಿ ಹೇಳ್ರಿ, ನಾ ಕೇಳ್ತೇನಿ."

ಬರೆದೆ. ಎರಡೇ ಸಾಲು. ಓದಿ ಹೇಳಿದೆ. ಎರಡನೆಯ ಸಾಲಿನಲ್ಲಿದ್ದ "ಸವಿನಯವಾಗಿ" ಎಂಬುದನ್ನು ಆಕೆ ತೆಗೆಸಿದಳು.